ಖಣಿಗೆ ದಂಡೆ ಇರುವುದಿಲ್ಲ

ಓದುಗರ ಪ್ರಶ್ನೆ, ಕಾಕಾನ ಉತ್ತರ

ಎರಡು ತಿಂಗಳ ಹಿಂದೆ ಇದೇ ಪುಟದಲ್ಲಿ ಒಬ್ಬರು ಕೆಲಸ ನಿಂತ ಕಲ್ಲಿನ ಖಣಿಯ ಬಗ್ಗೆ ಕೇಳಿದ್ದರು. ನಾನು ನಾಲ್ಕು ಸಾಲು ಉತ್ತರ ಬರೆದು ಕೈ ತೊಳೆದುಕೊಂಡಿದ್ದೆ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ನಮ್ಮ ಕಡೆ ಒಂದೊಂದು ದಿಕ್ಕಿಗೆ ಒಂದೊಂದು ಕಲ್ಲು. ಇಳಕಲ್ಲಿನ ಕೆಂಪು ಗ್ರಾನೈಟು, ಲೋಕಾಪುರದ ಸುಣ್ಣದಕಲ್ಲು, ತಾಳಿಕೋಟೆಯ ಪರಸಿ ಅಂದರೆ ಹಾಸುಗಲ್ಲು. ಕಲ್ಲು ಬೇರೆ ಬೇರೆ, ಬಿಟ್ಟುಹೋದ ಹೊಂಡದ ಗೋಳು ಮಾತ್ರ ಒಂದೇ. ಹಾಗಾಗಿ ವಾರಸಾ, ರೇಷನ್ ಕಾರ್ಡು, ಪಿಂಚಣಿ ಪ್ರಶ್ನೆಗಳನ್ನೆಲ್ಲ ಮುಂದಿನ ಸಲಕ್ಕೆ ಇಟ್ಟು, ಈ ಸಲ ಬರೀ ಖಣಿ.

ಬರೆದವರ ಹೆಸರಾಗಲಿ ಊರಾಗಲಿ ಹಾಕಿಲ್ಲ. ನಾಳೆ ಅವರು ಅದೇ ಊರಿನ ಹಿಟ್ಟಿನ ಗಿರಣಿಗೆ ಹೋಗಬೇಕಲ್ಲ.

ಹೊಸ ಓದುಗರಿಗೆ ಒಂದು ಮಾತು. ನಾನು ವಕೀಲನಲ್ಲ, ಎಂಜಿನಿಯರೂ ಅಲ್ಲ. ಮೂವತ್ತೊಂದು ವರ್ಷ ಪಂಚಾಯಿತಿ ಕಾರ್ಯದರ್ಶಿಯಾಗಿದ್ದವನು. ಈಗ ಬಾಗಲಕೋಟೆ ನವನಗರದಲ್ಲಿ ಮೊಮ್ಮಕ್ಕಳ ಜೊತೆ ಇದ್ದೇನೆ. ಠರಾವು, ಅಂದರೆ ಸಭೆಯ ನಿರ್ಣಯ, ಬರೆದು ಬರೆದು ಬೆರಳು ಡೊಂಕಾದ ಕೈ ಇದು. ಕಾಗದದಲ್ಲಿ ಏನು ನಡೆಯುತ್ತದೆ ಅನ್ನುವಷ್ಟು ಮಾತ್ರ ನನಗೆ ಗೊತ್ತು.

ಪ್ರಶ್ನೆ: ಕಾಕಾ, ನಮ್ಮದು ಇಳಕಲ್ ಹತ್ತಿರದ ಹಳ್ಳಿ. ಊರ ಹೊರಗಿನ ಗ್ರಾನೈಟ್ ಕ್ವಾರಿ ನಿಂತು ಹತ್ತು ವರ್ಷದ ಮೇಲಾಯಿತು. ಹೊಂಡದ ತುಂಬ ನೀರು. ನಾವು ಹೆಣ್ಣುಮಕ್ಕಳು ಅಲ್ಲೇ ಬಟ್ಟೆ ಒಗೆಯುತ್ತೇವೆ. ಹೋದ ಬೇಸಿಗೆಯಲ್ಲಿ ನಮ್ಮ ಓಣಿಯ ಹುಡುಗ ಜಾರಿ ಬಿದ್ದಿದ್ದ. ಕುರಿ ಕಾಯುವವರು ಹಗ್ಗ ಬಿಟ್ಟು ಎಳೆದುಕೊಂಡರು. ಈಗ ಪಟ್ಟಣದ ಕಸ ತಂದು ಹಾಕಿ ಹೊಂಡ ಮುಚ್ಚುತ್ತಾರೆ ಎಂದು ಸುದ್ದಿ. ನಮ್ಮನ್ನು ಯಾರೂ ಕೇಳಿಲ್ಲ. ಕೇಳಲೇಬೇಕು ಅಂತ ಕಾನೂನು ಇದೆಯಾ? (ಸ್ವಸಹಾಯ ಸಂಘದ ಸದಸ್ಯೆ)

ಉತ್ತರ: ತಂಗಿ, ಹುಡುಗ ಬದುಕಿದ್ದು ಓದಿ ಮೊದಲು ಉಸಿರು ಬಿಟ್ಟೆ. ನಾನು ಕೆಲಸ ಮಾಡಿದ ಒಂದು ಊರಿನಲ್ಲಿ ಇಬ್ಬರು ಹುಡುಗರು ಬದುಕಲಿಲ್ಲ. ಈಜು ಬರುತ್ತಿತ್ತು ಅವರಿಗೆ. ಆದರೆ ಕೆರೆಗೆ ದಂಡೆ ಇರುತ್ತದೆ, ಖಣಿಗೆ ಇರುವುದಿಲ್ಲ. ಗ್ರಾನೈಟನ್ನು ದಿಮ್ಮಿ ದಿಮ್ಮಿಯಾಗಿ ನೆಟ್ಟಗೆ ಕೊಯ್ದು ತೆಗೆಯುತ್ತಾರೆ. ಉಳಿಯುವುದು ಗೋಡೆ. ಮೊದಲ ಹೆಜ್ಜೆಗೇ ಹತ್ತು ಆಳು ನೀರು, ಹಿಡಿಯಲು ಒಂದು ಬೇರೂ ಇಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಿಮ್ಮ ಬೇಡಿಕೆ ಇಲ್ಲಿಂದಲೇ ಶುರುವಾಗಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿನ್ನ ನೇರ ಪ್ರಶ್ನೆ. ಗಣಿ ತೆರೆಯುವಾಗ ಊರಿನವರನ್ನು ಕೇಳುವ ಸಭೆ ಒಂದಿದೆ. ಅದೂ ಎಲ್ಲ ಗಣಿಗೂ ಇಲ್ಲ, ಒಂಟಿಯಾಗಿರುವ ಐದು ಹೆಕ್ಟೇರ್ ಒಳಗಿನ ಸಣ್ಣ ಕ್ವಾರಿಗೆ ಇಲ್ಲ. ಆದರೆ ಮುಚ್ಚುವಾಗ? ಅಂಥ ಸಭೆ ನಡೆಯುವುದಿಲ್ಲ. ಅಂದರೆ ಕಲ್ಲು ಬೇಕಾದಾಗ ಕೇಳುತ್ತಾರೆ, ಕಲ್ಲು ಮುಗಿದಮೇಲೆ ಕೇಳುವುದಿಲ್ಲ. ನನಗೆ ಇದು ಸರಿ ಕಾಣುವುದಿಲ್ಲ. ಆದರೆ ಸಭೆ ಇಲ್ಲ ಅಂದಮಾತ್ರಕ್ಕೆ ದಾರಿ ಇಲ್ಲ ಅಂತ ಅಲ್ಲ. ಕರೆಯದಿದ್ದರೆ ನೀವೇ ಹೋಗಬೇಕು, ಅಷ್ಟೇ.

ಹೊಂಡ ಯಾರದು ಅಂತ ಮೊದಲು ನೋಡಿ. ಮೊಬೈಲಿನಲ್ಲಿ ದಿಶಾಂಕ್ ಅಂತ ಆ್ಯಪ್ ಇದೆ, ಸರ್ಕಾರದ್ದೇ. ಹೊಂಡದ ಹತ್ತಿರ ನಿಂತು ತೆಗೆದರೆ ಸರ್ವೆ ನಂಬರ್ ತೋರಿಸುತ್ತದೆ. ಆ ನಂಬರಿನ ಉತಾರ (ಪಹಣಿ) ತೆಗೆಸಿ. ಗಾಯರಾಣವಾ, ಅರಣ್ಯವಾ, ಯಾರದೋ ಸ್ವಂತ ಹೊಲವಾ? ಗಾಯರಾಣ ಆಗಿದ್ದರೆ ನಿಮ್ಮ ಮಾತಿಗೆ ತೂಕ ಜಾಸ್ತಿ. ಅದು ಊರಿನ ದನ ಮೇಯಲು ಬಿಟ್ಟ ಜಾಗ.

ಆಮೇಲೆ ಮಾಹಿತಿ ಹಕ್ಕಿನ ಅರ್ಜಿ. ಗ್ರಾನೈಟು ಉಪಖನಿಜ, ಹಾಗಾಗಿ ಅರ್ಜಿ ಹೋಗಬೇಕಾದದ್ದು ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಗೆ. ಹತ್ತು ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡು ಇದ್ದವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದ. ಇದು ಗೊತ್ತಿಲ್ಲದೆ ಜನ ನಾಲ್ಕು ಪುಟ ಕಷ್ಟ ಬರೆಯುತ್ತಾರೆ, ಅರ್ಜಿ ವಾಪಸ್ ಬರುತ್ತದೆ. ಕಷ್ಟ ಬರೆಯಬೇಡಿ, ಕಾಗದ ಕೇಳಿ. ಇಂಥ ಸರ್ವೆ ನಂಬರಿನ ಕ್ವಾರಿ ಗುತ್ತಿಗೆಯ ಪ್ರತಿ ಕೊಡಿ. ಗುತ್ತಿಗೆ ಮುಗಿದದ್ದು ಯಾವತ್ತು? ಕ್ವಾರಿ ಯೋಜನೆಯ ಪ್ರತಿ, ನಕ್ಷೆ ಸಮೇತ ಕೊಡಿ. ಗುತ್ತಿಗೆದಾರರ ಠೇವಣಿ ಎಷ್ಟು, ಅದನ್ನು ವಾಪಸ್ ಕೊಟ್ಟಾಗಿದೆಯಾ? ಇಷ್ಟು ಸಾಕು. 30 ದಿನದಲ್ಲಿ ಉತ್ತರ ಬರಬೇಕು.

ಇನ್ನೊಂದು ಕಾಗದವೂ ಇರಬಹುದು. 2012ರ ಫೆಬ್ರವರಿ 27ರಂದು ಸುಪ್ರೀಂ ಕೋರ್ಟು ಹರಿಯಾಣದ ಒಂದು ಪ್ರಕರಣದಲ್ಲಿ, ಐದು ಹೆಕ್ಟೇರ್ ಒಳಗಿನ ಸಣ್ಣ ಕ್ವಾರಿಗೂ ಪರಿಸರ ಅನುಮತಿ ಬೇಕು ಎಂದಿತು. ನಿಮ್ಮ ಕ್ವಾರಿಯ ಗುತ್ತಿಗೆ ಅದಾದಮೇಲೆ ಕೊಟ್ಟದ್ದೋ ನವೀಕರಿಸಿದ್ದೋ ಆಗಿದ್ದರೆ ಅನುಮತಿ ಪತ್ರ ಇರಲೇಬೇಕು. ಅದರ ಹಿಂದಿನ ಪುಟಗಳಲ್ಲಿ ಷರತ್ತುಗಳಿರುತ್ತವೆ. ಬೇಲಿ ಹಾಕಬೇಕು, ಗಿಡ ನೆಡಬೇಕು, ಹೊಂಡವನ್ನು ಹೀಗೆ ಬಿಟ್ಟುಹೋಗಬೇಕು ಅಂತ. ಯಾರೂ ಓದುವುದಿಲ್ಲ ಅನ್ನುವ ಧೈರ್ಯದ ಮೇಲೆಯೇ ಎಷ್ಟೋ ಷರತ್ತು ಹಾಳೆಯಲ್ಲೇ ಉಳಿದಿವೆ. ನೀವು ಓದಿ.

2020ರ ಜನವರಿ 8ರ ಇನ್ನೊಂದು ಆದೇಶವೂ ನಿಮಗೆ ಉಪಯೋಗಕ್ಕೆ ಬರುತ್ತದೆ. ಗಣಿ ಮುಗಿಸಿದವರು ಅಗೆದ ಜಾಗದಲ್ಲೂ, ಗಣಿಯಿಂದ ಕೆಟ್ಟ ಅಕ್ಕಪಕ್ಕದ ಜಾಗದಲ್ಲೂ ಮತ್ತೆ ಹುಲ್ಲು ಬೆಳೆಸಬೇಕು, ಮೇವು ಗಿಡ ಪ್ರಾಣಿಗೆ ಆಗುವ ಹಾಗೆ ನೆಲವನ್ನು ಮಾಡಿಕೊಡಬೇಕು, ಇದನ್ನು ಗುತ್ತಿಗೆಯ ಷರತ್ತಿನಲ್ಲೇ ಸೇರಿಸಬೇಕು ಎಂದು ಸುಪ್ರೀಂ ಕೋರ್ಟು ಹೇಳಿತು. ದಿಲ್ಲಿಯ ಕೋರ್ಟು ಹುಲ್ಲಿನ ಬಗ್ಗೆ ಮಾತಾಡಿದ್ದು ಓದಿ ನನಗೆ ಖುಷಿಯಾಗಿತ್ತು. ನಮ್ಮ ಕುರಿಗಾರರು ಇಷ್ಟು ವರ್ಷ ಹೇಳುತ್ತಿದ್ದದ್ದು ಅದನ್ನೇ ಅಲ್ವಾ?

ಕಸದ ವಿಷಯಕ್ಕೆ ಬರೋಣ. ಇದನ್ನು ಬೇಗ ಹಿಡಿಯಿರಿ. ಹೊಂಡ ಕಂಡ ಕೂಡಲೇ ಪಟ್ಟಣಕ್ಕೆ ತಿಪ್ಪೆಯ ನೆನಪಾಗುತ್ತದೆ. ಗ್ರಾನೈಟು ಗಟ್ಟಿ ಕಲ್ಲು ನಿಜ, ಆದರೆ ಅದರಲ್ಲಿ ಬಿರುಕು ಇರುತ್ತವೆ. ನಿಮ್ಮ ಬೋರ್‌ವೆಲ್ಲಿಗೆ ನೀರು ಬರುವುದೇ ಆ ಬಿರುಕಿನಿಂದ. ಕಸ ಕೊಳೆತು ಇಳಿಯುವ ಕಪ್ಪು ನೀರೂ ಅದೇ ದಾರಿ ಹಿಡಿಯುತ್ತದೆ. 2016ರ ಘನತ್ಯಾಜ್ಯ ನಿಯಮಗಳಲ್ಲಿ ಕಸ ಹೂಳುವ ಜಾಗವು ಮನೆಗಳಿಂದ, ಕುಡಿಯುವ ನೀರಿನ ಬಾವಿಗಳಿಂದ, ಕೊಳದಿಂದ 200 ಮೀಟರ್ ದೂರ ಇರಬೇಕು ಎಂದು ಬರೆದಿತ್ತು; ಈಗಿನ ನಿಯಮವನ್ನೂ ಒಮ್ಮೆ ನೋಡಿಕೊಳ್ಳಿ. ಟೇಪು ಹಿಡಿದು ಅಳೆಯಿರಿ. ಹೊಂಡದಿಂದ ಹತ್ತಿರದ ಬೋರಿಗೆ ಎಷ್ಟು, ಕೊನೆಯ ಮನೆಗೆ ಎಷ್ಟು. ಆ ಅಳತೆಯನ್ನು ಅರ್ಜಿಯಲ್ಲಿ ಬರೆಯಿರಿ. ‘ನಮಗೆ ತೊಂದರೆ ಆಗುತ್ತದೆ’ ಅಂದರೆ ಫೈಲು ಮುಚ್ಚುತ್ತಾರೆ. ‘ಬೋರ್‌ವೆಲ್ 140 ಮೀಟರಿನಲ್ಲಿದೆ’ ಅಂದರೆ ಯಾರಾದರೂ ಒಬ್ಬರು ಉತ್ತರ ಬರೆಯಲೇಬೇಕಾಗುತ್ತದೆ.

ಈಗ ಗ್ರಾಮಸಭೆ. ಇದು ನನ್ನ ಕ್ಷೇತ್ರ. ಆರು ತಿಂಗಳಿಗೆ ಒಂದು ಸಲವಾದರೂ ಸೇರಲೇಬೇಕಾದ ಸಭೆ ಅದು. ಅಲ್ಲಿ ನಿಮ್ಮ ಹೊಂಡದ ಬಗ್ಗೆ ಠರಾವು ಆಗಬೇಕು. ಠರಾವು ಹೇಗೆ ಆಗುತ್ತದೆ ಅಂತ ಗೊತ್ತಾ? ನಾಚಿಕೆಯಾದರೂ ಹೇಳುತ್ತೇನೆ. 1998ರಲ್ಲಿ ನಾನೇ ಒಂದು ಕ್ವಾರಿಗೆ ಪಂಚಾಯಿತಿಯ ಒಪ್ಪಿಗೆ ಬರೆದೆ. ಸಭೆ ಇದ್ದದ್ದು ಸೋಮವಾರ, ನಾನು ಬರೆದದ್ದು ಭಾನುವಾರ ರಾತ್ರಿ, ಮನೆಯಲ್ಲಿ ಕೂತು. ‘ಸಭೆಯು ಸರ್ವಾನುಮತದಿಂದ’ ಅಂತ ಮೊದಲ ಸಾಲು. ಸೋಮವಾರ ಏಳು ಜನ ಬಂದರು, ಚಹಾ ಕುಡಿದರು. ಉಳಿದ ಸಹಿ, ಹೆಬ್ಬೆಟ್ಟುಗಳನ್ನು ಜವಾನ ಮನೆ ಮನೆಗೆ ಹೋಗಿ ತಂದ. ನನಗೆ ಯಾರೂ ಲಂಚ ಕೊಡಲಿಲ್ಲ. ಹೀಗೇ ಮಾಡುವುದು ಅಂತ ನಾನು ನಂಬಿದ್ದೆ, ಅಷ್ಟೇ. ಆ ಎರಡು ಹುಡುಗರು ಹೋದದ್ದು ಅದೇ ಹೊಂಡದಲ್ಲಿ.

ಅದಕ್ಕೇ ಹೇಳುವುದು, ಸಭೆಯ ದಿನ ಹೋದರೆ ತಡ. ಒಂದು ವಾರ ಮುಂಚೆ ಪಿಡಿಒ ಹತ್ತಿರ ಹೋಗಿ, ‘ಈ ವಿಷಯ ಅಜೆಂಡಾದಲ್ಲಿ ಹಾಕಿ’ ಅಂತ ಬರೆದು ಕೊಡಿ. ಠರಾವಿನ ಮಾತನ್ನೂ ನೀವೇ ಬರೆದುಕೊಂಡು ಹೋಗಿ. ಬರೆದದ್ದು ಕೈಗೆ ಸಿಕ್ಕರೆ ಕಾರ್ಯದರ್ಶಿಗೆ ಕೆಲಸ ಕಡಿಮೆ. ಅವನು ಅದನ್ನೇ ಇಳಿಸಿಕೊಳ್ಳುತ್ತಾನೆ. ನನ್ನ ಮಾತು ನಂಬಿ.

ಏನು ಬರೆಯಬೇಕು? ‘ಖಣಿ ಸ್ವಚ್ಛ ಮಾಡಬೇಕು’ ಅಂತ ಬರೆಯಬೇಡಿ. ಅದನ್ನು ಓದಿ ಯಾರೋ ಕಸದ ಲಾರಿ ಕಳಿಸಿಯಾರು. ನೀವು ಆ ನೀರನ್ನು ಬಳಸುತ್ತಿದ್ದೀರಿ. ಹಾಗಿದ್ದಮೇಲೆ ನಿಮಗೆ ಬೇಕಾದದ್ದು ಮುಚ್ಚುವುದೋ, ದಂಡೆಯೋ? ಕ್ವಾರಿ ಪಕ್ಕದಲ್ಲೇ ಒಡೆದ ಕಲ್ಲಿನ ಗುಡ್ಡೆ ಬಿದ್ದಿರುತ್ತದೆ. ತೆಗೆದ ಕಲ್ಲಿನಲ್ಲಿ ಮಾರಾಟಕ್ಕೆ ಹೋಗುವುದು ಸ್ವಲ್ಪ, ವೇಸ್ಟಾಗಿ ಬೀಳುವುದೇ ಜಾಸ್ತಿ. ಆ ಕಲ್ಲನ್ನೇ ಒಂದು ಬದಿಗೆ ತುಂಬಿಸಿ, ದನ ಇಳಿಯುವಂಥ ಇಳಿಜಾರು ಮಾಡಿಸಬಹುದು. ಇಳಿಜಾರಿನ ಮಗ್ಗುಲಿಗೆ ಒಗೆಯಲು ನಾಲ್ಕು ಮೆಟ್ಟಿಲು. ಉಳಿದ ಮೂರು ಬದಿಗೆ ಬೇಲಿ. ನೀರಿನ ಪರೀಕ್ಷೆ, ಫ್ಲೋರೈಡ್ ಸಮೇತ. ಹೀಗೆ ಬರೆದರೆ ಎಂಜಿನಿಯರು ಎಸ್ಟಿಮೇಟು ಹಾಕಬಹುದು. ಬರೀ ನ್ಯಾಯಕ್ಕೆ ಎಸ್ಟಿಮೇಟು ಹಾಕಲು ಬರುವುದಿಲ್ಲ.

ಊರಲ್ಲಿ ಎಲ್ಲರೂ ಇದನ್ನೇ ಒಪ್ಪುತ್ತಾರೆ ಅಂತ ತಿಳಿಯಬೇಡ. ಆ ಕಲ್ಲಿನ ಗುಡ್ಡೆಯನ್ನು ಖಡಿ ಮಷಿನ್‌ನವರಿಗೆ ಕೊಟ್ಟರೆ ಕೆಲಸ ಸಿಗುತ್ತದೆ ಅನ್ನುವವರು ಇರುತ್ತಾರೆ. ಅವರ ಮಾತೂ ಸುಳ್ಳಲ್ಲ. ಕ್ವಾರಿ ನಿಂತಾಗ ಕೂಲಿ ಹೋದದ್ದು ಅವರದೇ. ಅವರನ್ನು ಬಿಟ್ಟು ಠರಾವು ಮಾಡಿದರೆ ಅವರು ಇನ್ನೊಂದು ಠರಾವು ಮಾಡಿಸುತ್ತಾರೆ. ಇನ್ನೂ ಒಬ್ಬರನ್ನು ಮರೆಯಬೇಡಿ, ಹಗ್ಗ ಬಿಟ್ಟ ಕುರಿಗಾರರನ್ನು. ಅವರ ಓಟು ನಿಮ್ಮ ಊರಿನಲ್ಲಿ ಇಲ್ಲದೆ ಇರಬಹುದು. ಆದರೆ ಹೊಂಡದ ಯಾವ ಬದಿ ಕುಸಿಯುತ್ತದೆ, ಯಾವ ತಿಂಗಳು ನೀರು ಎಲ್ಲಿಗೆ ಇಳಿಯುತ್ತದೆ ಅನ್ನುವುದು ಅವರಿಗೆ ಗೊತ್ತಿದ್ದಷ್ಟು ಯಾವ ಇಲಾಖೆಗೂ ಗೊತ್ತಿಲ್ಲ. ಇಳಿಜಾರು ಯಾವ ಕಡೆಗೆ ಅಂತ ಮೊದಲು ಅವರನ್ನು ಕೇಳಿ.

ಪ್ರಶ್ನೆ: ನಮಸ್ಕಾರ ಸರ್. ಲೋಕಾಪುರದ ಕಡೆಯ ರೈತ ನಾನು. ಸುಣ್ಣದಕಲ್ಲಿನ ಗಣಿ ವಿಸ್ತರಣೆಗೆ ಪರಿಸರ ಸಾರ್ವಜನಿಕ ಆಲಿಕೆ ಇದೆ ಎಂದು ಪೇಪರಿನಲ್ಲಿ ಬಂದಿದೆ. ಹೋಗಿ ಏನು ಉಪಯೋಗ? ಪೆಂಡಾಲು ಹಾಕಿ, ಊಟ ಹಾಕಿ ಕಳಿಸುತ್ತಾರೆ. ನಿಮ್ಮ ಅನುಭವ ಏನು?

ಉತ್ತರ: ಊಟ ಮಾಡಿ, ಮಾತೂ ಆಡಿ. ಎರಡಕ್ಕೂ ಜಗಳ ಇಲ್ಲ.

ಈ ಆಲಿಕೆ 2006ರ ಸೆಪ್ಟೆಂಬರ್ 14ರ ಕೇಂದ್ರದ ಅಧಿಸೂಚನೆಯ ಪ್ರಕಾರ ನಡೆಯುತ್ತದೆ. ಕನಿಷ್ಠ 30 ದಿನ ಮೊದಲು ಪೇಪರಿನಲ್ಲಿ ನೋಟಿಸು ಕೊಡಬೇಕು. ಯೋಜನೆಯ ಸಾರಾಂಶ ಕನ್ನಡದಲ್ಲೂ ಇರಬೇಕು. ಅದು ಡಿಸಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರಗಳಲ್ಲಿ ನೋಡಲು ಸಿಗಬೇಕು. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದವರು ಕೂತು ನಡೆಸಬೇಕು. ಪೂರ್ತಿ ವಿಡಿಯೊ ಆಗಬೇಕು. ಎಷ್ಟು ಜನ ಬರಬೇಕು ಅಂತ ಲೆಕ್ಕ ಇಲ್ಲ, ಹತ್ತೇ ಜನ ಬಂದರೂ ಸಭೆ ಸಭೆಯೇ. ಹಾಗಾಗಿ ‘ನಾವು ಬಹಿಷ್ಕಾರ ಹಾಕಿದರೆ ಸಭೆ ಬಿದ್ದುಹೋಗುತ್ತದೆ’ ಅಂತ ಊರಿನ ಪುಢಾರಿಗಳು ಹೇಳಿದರೆ ಕೇಳಬೇಡಿ. ಬೀಳುವುದಿಲ್ಲ. ನಿಮ್ಮ ಮಾತು ಬೀಳುತ್ತದೆ.

ಕೊನೆಗೆ ಅಲ್ಲಿ ಬಂದ ಮಾತುಗಳ ಸಾರವನ್ನು ಕನ್ನಡದಲ್ಲಿ ಓದಿ ಹೇಳಬೇಕು. ಜನ ಈ ಹೊತ್ತಿಗೆ ಎದ್ದು ಹೋಗಿರುತ್ತಾರೆ, ಬಸ್ಸಿಗೆ ಹೊತ್ತಾಯಿತು ಅಂತ. ನೀವು ಹೋಗಬೇಡಿ. ನಿಮ್ಮ ಮಾತು ಅದರಲ್ಲಿ ಬಂತೋ ಇಲ್ಲವೋ ಕೇಳಿಸಿಕೊಳ್ಳಿ. ಬರದಿದ್ದರೆ ಎದ್ದು ನಿಂತು ಹೇಳಿ.

ಅನುಭವ ಕೇಳಿದಿರಿ. ಕುರ್ಚಿ ಹೊಂದಿಸುವ ಕೆಲಸಕ್ಕೆ ನಾನೂ ಒಂದು ಆಲಿಕೆಗೆ ಹೋಗಿದ್ದೆ. ಮಾತಾಡಿದವರೆಲ್ಲ ನೌಕರಿ ಕೇಳಿದರು, ಗುಡಿಗೆ ದುಡ್ಡು ಕೇಳಿದರು, ಕೆಲವರು ಧೂಳಿನ ಬಗ್ಗೆ ಬೈದರು. ಒಬ್ಬ ಮುದುಕ, ಹೆಗಲ ಮೇಲೆ ಕಂಬಳಿ, ಮೈಕಿನ ಹತ್ತಿರ ಹೋಗಿ ಒಂದೇ ಕೇಳಿದ. ‘ಸಾಹೇಬ್ರ, ಇದೆಲ್ಲಾ ಮುಗದಮ್ಯಾಲೆ ಗುಡ್ಡದ ಆ ಕಡಿಗೆ ಹೋಗೂ ದಾರಿ ಎಲ್ಲಿರತೈತಿ?’ ಪೆಂಡಾಲು ನಕ್ಕಿತು. ಇನ್ನೂ ಶುರುವೇ ಆಗಿಲ್ಲ, ಇವನು ಮುಗಿಯುವುದರ ಬಗ್ಗೆ ಕೇಳುತ್ತಾನೆ ಅಂತ. ಆದರೆ ಆ ಮಾತು ನಡಾವಳಿಯಲ್ಲಿ ಬಂತು. ಏಳೆಂಟು ವರ್ಷದ ಮೇಲೆ ದಾರಿಗೆ ಅಡ್ಡ ಮಣ್ಣು ಸುರಿದಾಗ ಊರಿನವರು ಆ ನಡಾವಳಿಯ ಪ್ರತಿ ಹಿಡಿದುಕೊಂಡು ಹೋದರು. ದಾರಿ ತೆರೆಯಿತು. ಆ ಹೊತ್ತಿಗೆ ಮುದುಕ ಇರಲಿಲ್ಲ.

ನೀವೂ ಅದನ್ನೇ ಕೇಳಿ. ಗಣಿ ಮುಗಿದಮೇಲೆ ಹೊಂಡ ಎಷ್ಟು ಆಳ ಇರುತ್ತದೆ? ಮೇಲಿನ ಮಣ್ಣನ್ನು ಎಲ್ಲಿ ಕಾಯ್ದಿಡುತ್ತೀರಿ? ಯರಿ ಮಣ್ಣು ಒಂದು ಸಲ ಕಲ್ಲಿನ ಅಡಿಗೆ ಹೋದರೆ ಹೋದಂತೆಯೇ. ಗಣಿಯ ನೀರು ಎತ್ತಿ ಹಾಕುವಾಗ ನಮ್ಮ ಬಾವಿ ಬತ್ತಿದರೆ ಯಾರು ನೋಡುತ್ತಾರೆ? ಸುಣ್ಣದಕಲ್ಲಿನಲ್ಲಿ ಒಂದು ಸಮಾಧಾನ ಇದೆ. ಗಂಧಕ ಇರುವ ಅದಿರಿನ ಗಣಿಯ ಹಾಗೆ ಹುಳಿ ನೀರು ಸಾಮಾನ್ಯವಾಗಿ ಹುಟ್ಟುವುದಿಲ್ಲ, ಸುಣ್ಣವೇ ಹುಳಿಯನ್ನು ಮುರಿಯುತ್ತದೆ. ನಿಮ್ಮ ಚಿಂತೆ ಧೂಳು, ಆಳ, ಬಾವಿ.

ಸಿಮೆಂಟಿಗೆ ಹೋಗುವ ಸುಣ್ಣದಕಲ್ಲು ಪ್ರಧಾನ ಖನಿಜ. ಅದರ ಮುಚ್ಚುವ ಯೋಜನೆ ಹೋಗುವುದು ಭಾರತೀಯ ಗಣಿ ಬ್ಯೂರೊಗೆ, ಅದರ ಮುಖ್ಯ ಕಚೇರಿ ನಾಗಪುರದಲ್ಲಿದೆ. 2017ರ ನಿಯಮದಂತೆ ಗಣಿ ಮುಚ್ಚುವ ಎರಡು ವರ್ಷ ಮೊದಲು ಅಂತಿಮ ಯೋಜನೆ ಕೊಡಬೇಕು. ಅದಕ್ಕೆ ಹಣದ ಖಾತರಿಯನ್ನೂ ಇಡಬೇಕು. ಪರಿಸರ ಅನುಮತಿ ಪಡೆದವರು ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ಷರತ್ತು ಪಾಲಿಸಿದ ವರದಿ ಕೊಡಬೇಕು. ಆ ವರದಿ ಗುಟ್ಟಿನದಲ್ಲ, ಸಾರ್ವಜನಿಕ ದಾಖಲೆ. ಊರಿನ ಓದಿದ ಹುಡುಗರಿಗೆ ಈ ಒಂದು ಕೆಲಸ ಹಚ್ಚಿ. ವರ್ಷಕ್ಕೆ ಎರಡು ಸಲ ಆ ವರದಿ ತಂದು ಚಾವಡಿಯಲ್ಲಿ ಓದಲಿ. ‘ಎರಡು ಸಾವಿರ ಗಿಡ ನೆಟ್ಟಿದ್ದೇವೆ’ ಅಂತ ಇದ್ದರೆ, ಹೋಗಿ ಎಣಿಸಿ ಬರಲಿ.

ಪ್ರಶ್ನೆ: ರಾಮದುರ್ಗ ತಾಲ್ಲೂಕಿನವನು. ಹೊಲದಲ್ಲಿ ಕಲ್ಲು ಇತ್ತು ಅಂತ ನಮ್ಮ ತಂದೆ ಖಣಿಗೆ ಕೊಟ್ಟಿದ್ದರು. ಅವರೂ ಹೋದರು, ಖಣಿ ಮಾಡಿದವರೂ ಹೋದರು. ಹೊಂಡ ಉಳಿದಿದೆ. ಮಗ್ಗುಲ ಹೊಲದವರು ಬದು ಕುಸಿಯುತ್ತದೆ ಎಂದು ದಿನಾ ಜಗಳ. ನನ್ನ ಹೊಲದ ಹೊಂಡದ ಬಗ್ಗೆ ಊರಿನವರು ಪಂಚಾಯಿತಿಯಲ್ಲಿ ಠರಾವು ಮಾಡುತ್ತಾರಂತೆ. ಹೀಗೆ ಮಾಡಲು ಬರುತ್ತದೆಯೇ?

ಉತ್ತರ: ತಮ್ಮಾ, ಉತಾರದಲ್ಲಿ ನಿನ್ನ ಹೆಸರಿದೆ ಸರಿ. ಕುಸಿಯುತ್ತಿರುವುದು ಅವರ ಬದು. ಅವರು ಮಾತಾಡಲೇಬೇಕು.

ಆದರೆ ನೀನು ಇದನ್ನು ನಿನ್ನ ವಿರುದ್ಧದ ಸಭೆ ಅಂತ ಯಾಕೆ ತಿಳಿಯುತ್ತೀ? ಆ ಸಭೆಗೆ ಮೊದಲು ಹೋಗಿ ಕೂಡುವವನು ನೀನಾಗಬೇಕು. ಒಬ್ಬನೇ ಹೊಂಡಕ್ಕೆ ಮಣ್ಣು ಹಾಕಿಸಲು ನಿನ್ನಿಂದ ಆಗುವುದಿಲ್ಲ. ಠರಾವು ಆದರೆ ಸರ್ಕಾರದ ಕೆಲಸ ಕೇಳಲು ಆಧಾರ ಸಿಗುತ್ತದೆ. ಆಳ ಕಡಿಮೆ ಇದ್ದು, ಬದುವಿನ ಕಡೆ ಇಳಿಜಾರು ಮಾಡಲು ಜಾಗ ಇದ್ದರೆ ಮಳೆ ನೀರು ನಿಲ್ಲಿಸುವ ಕೃಷಿ ಹೊಂಡದ ಹಾಗೆ ಮಾಡಬಹುದು. ಹಿಂಗಾರಿ ಜೋಳಕ್ಕೆ ಒಂದು ನೀರು ಸಿಕ್ಕರೆ ಮಗ್ಗುಲ ಹೊಲದವನ ಜಗಳವೂ ತಣ್ಣಗಾದೀತು. ಮೊದಲು ತಂದೆ ಯಾವ ಕಾಗದದ ಮೇಲೆ ಕೊಟ್ಟಿದ್ದರು ಅದನ್ನು ಹುಡುಕು. ಗುತ್ತಿಗೆ ಸರ್ಕಾರದಲ್ಲಿ ನೋಂದಣಿ ಆಗಿತ್ತೋ, ಬಾಯಿಮಾತಿನಲ್ಲಿ ನಡೆದಿತ್ತೋ? ಬಾಯಿಮಾತು ಆಗಿದ್ದರೆ ಒಬ್ಬ ವಕೀಲರನ್ನು ಕಂಡು, ಆಮೇಲೆ ಬಾಯಿ ಬಿಡು.

ಪ್ರಶ್ನೆ: ತಾಳಿಕೋಟೆಯ ಬಿ.ಎ. ವಿದ್ಯಾರ್ಥಿನಿ. ಬೇರೆ ಕಡೆ ಬಿಟ್ಟುಹೋದ ಗಣಿಯ ವಿಷಯದಲ್ಲಿ ಜನರ ಮಾತು ನಿಜವಾಗಿ ನಡೆದದ್ದು ಉಂಟೇ ಸರ್? ಸುಮ್ನೆ ಧೈರ್ಯ ಹೇಳಬೇಡಿ, ಉದಾಹರಣೆ ಕೊಡಿ.

ಉತ್ತರ: ಸುಮ್ನೆ ಧೈರ್ಯ ಹೇಳುವ ವಯಸ್ಸು ನನ್ನದಲ್ಲಮ್ಮಾ.

ಮೊದಲು ನಮ್ಮ ರಾಜ್ಯ. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಚಿನ್ನ ತೆಗೆದಮೇಲೆ ಉಳಿದ ಪುಡಿಯ ಸೈನೈಡ್ ದಿಬ್ಬಗಳು ಊರಿನ ನಡುವೆ ಹಾಗೇ ನಿಂತವು, ಗಾಳಿ ಬೀಸಿದಾಗ ಧೂಳು ಮನೆಯೊಳಗೆ. ಬಳ್ಳಾರಿಯ ಕಥೆ ಬೇರೆ. ಅಲ್ಲಿ ಧಾರವಾಡದ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2011ರಲ್ಲಿ ಗಣಿ ನಿಂತವು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಹೆಚ್ಚು ಅಕ್ರಮ ಕಂಡ ಗುತ್ತಿಗೆಗಳು ರದ್ದಾದವು. ಕೆಟ್ಟ ನೆಲವನ್ನು ಸರಿಪಡಿಸುವ ಯೋಜನೆ ಇಲ್ಲದೆ ಉಳಿದವರೂ ಶುರು ಮಾಡುವಂತಿಲ್ಲ ಎಂದಾಯಿತು. ಪರಿಸರ ಪುನಶ್ಚೇತನಕ್ಕೆ ಅಂತ ಒಂದು ನಿಗಮವೇ ಹುಟ್ಟಿತು, 20 ಸಾವಿರ ಕೋಟಿಗೂ ಹೆಚ್ಚು ಹಣ ಸೇರಿತು. ಆದರೆ ಹಣ ಸೇರಿದಷ್ಟು ಬೇಗ ಖರ್ಚಿನ ಲೆಕ್ಕ ಕೂಡಲಿಲ್ಲ. 2022ರಲ್ಲಿ ಕೋರ್ಟು ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ಮೇಲ್ವಿಚಾರಣೆಗೆ ನೇಮಿಸಬೇಕಾಯಿತು. ಗಣಿ ನಿಲ್ಲಿಸುವುದರಲ್ಲಿ ಜನ ಗೆದ್ದರು. ದುಡ್ಡು ಯಾವ ಹಳ್ಳಿಯ ಯಾವ ಕೆಲಸಕ್ಕೆ ಅನ್ನುವ ಹೊತ್ತಿಗೆ ಮಾತು ಮತ್ತೆ ದೊಡ್ಡವರ ಮೇಜಿಗೆ ಹೋಯಿತು. ನನಗೆ ಕಂಡದ್ದು ಹೀಗೆ.

ನಿನಗೆ ಬೇಕಾದ ಉದಾಹರಣೆ ಬಹಳ ದೂರದಲ್ಲಿದೆ, ಕೆನಡಾದ ಉತ್ತರ ಭಾಗದಲ್ಲಿ. ಯೆಲ್ಲೋನೈಫ್ ಅಂತ ಊರು. ಅದರ ಪಕ್ಕದಲ್ಲೇ ಜಯಂಟ್ ಮೈನ್ ಅನ್ನುವ ಚಿನ್ನದ ಗಣಿ. 1948ರಿಂದ ನಡೆಯಿತು. 1999ರಲ್ಲಿ ಮಾಲೀಕರು ದಿವಾಳಿ ಎದ್ದರು, 2004ಕ್ಕೆ ಕೆಲಸ ಪೂರ್ತಿ ನಿಂತಿತು. ಅದಿರು ಹುರಿದಾಗ ಬಂದ ಆರ್ಸೆನಿಕ್ ಧೂಳು, 2,37,000 ಟನ್, ನೆಲದಡಿಯ ಕೋಣೆಗಳಲ್ಲಿ ಉಳಿಯಿತು. ಅದು ನೀರಿನಲ್ಲಿ ಕರಗುವ ವಿಷ. ಪಕ್ಕದಲ್ಲೇ ದೊಡ್ಡ ಸರೋವರ. ಸರ್ಕಾರ, ಆ ಕೋಣೆಗಳ ಸುತ್ತಲಿನ ನೆಲವನ್ನು ಹೆಪ್ಪುಗಟ್ಟಿಸಿ ಎಂದೆಂದಿಗೂ ಹಾಗೇ ಇಡೋಣ ಎಂದಿತು.

ಅಲ್ಲಿನ ಮೂಲ ನಿವಾಸಿಗಳಾದ ಡೆನೆ ಜನರಿಗೆ ಆ ವಿಷದ ನೆನಪು ಹಳೆಯದು. 1951ರಲ್ಲಿ ಆರ್ಸೆನಿಕ್ ಬಿದ್ದ ಹಿಮ ಕರಗಿದ ನೀರು ಕುಡಿದು ಅವರ ಒಂದು ಮಗು ಸತ್ತಿತ್ತು. 2008ರಲ್ಲಿ ಊರಿನ ನಗರಸಭೆ ಪಟ್ಟು ಹಿಡಿದು ಸರ್ಕಾರದ ಆ ಯೋಜನೆಯನ್ನು ಪರಿಸರ ಪರಿಶೀಲನೆಗೆ ಹಾಕಿಸಿತು. ಸಭೆಗಳಲ್ಲಿ ಜನ ಕೇಳಿದ್ದು ಒಂದೇ. ಎಂದೆಂದಿಗೂ ಅಂದರೆ ಎಷ್ಟು? ಅಷ್ಟು ದಿನ ಕಾಯುವವರು ಯಾರು? 2013ರಲ್ಲಿ ಪರಿಶೀಲನಾ ಮಂಡಳಿ ಜನರ ಮಾತನ್ನು ಒಪ್ಪಿತು. ಹೆಪ್ಪುಗಟ್ಟಿಸುವುದಕ್ಕೆ ಹೆಚ್ಚೆಂದರೆ 100 ವರ್ಷ. ಪ್ರತಿ 20 ವರ್ಷಕ್ಕೊಮ್ಮೆ ಮರುಪರಿಶೀಲನೆ. ಕಾಯಂ ಪರಿಹಾರಕ್ಕೆ ಸಂಶೋಧನೆ. ಇದನ್ನೆಲ್ಲ ನೋಡಿಕೊಳ್ಳಲು ಸರ್ಕಾರದ ಕೈಯೊಳಗಿಲ್ಲದ ಒಂದು ಉಸ್ತುವಾರಿ ಮಂಡಳಿ. 2015ರಲ್ಲಿ ಅದು ಬಂತು.

ನೋಡು, ಅಲ್ಲಿ ವಿಷ ಮಾಯವಾಗಲಿಲ್ಲ. ಬದಲಾದದ್ದು ‘ಎಂದೆಂದಿಗೂ’ ಅನ್ನುವ ಒಂದು ಶಬ್ದ. ಆ ಶಬ್ದವನ್ನು ಅಳಿಸಿದ್ದು ಜನ.

ಅಮೆರಿಕದಲ್ಲಿ ಇನ್ನೊಂದು ಪದ್ಧತಿ ನನಗೆ ಬಹಳ ಇಷ್ಟ. ವಿಷ ಉಳಿದ ಜಾಗಗಳನ್ನು ಶುಚಿ ಮಾಡುವ ಅವರ ಸೂಪರ್‌ಫಂಡ್ ಕಾನೂನಿನಲ್ಲಿ, ಊರಿನ ಸಂಘವೊಂದಕ್ಕೆ 50,000 ಡಾಲರ್‌ವರೆಗೆ ಸಹಾಯಧನ ಕೊಡುತ್ತಾರೆ. ಯಾಕೆ ಗೊತ್ತಾ? ಸರ್ಕಾರದ ವರದಿಯನ್ನು ಓದಿ ಅರ್ಥ ಹೇಳುವ ತಜ್ಞರನ್ನು ಊರಿನವರೇ ಇಟ್ಟುಕೊಳ್ಳಲಿ ಅಂತ. ನಮ್ಮಲ್ಲಿ ಮುನ್ನೂರು ಪುಟದ ಇಂಗ್ಲಿಷ್ ವರದಿ ತೋರಿಸಿ ‘ಆಕ್ಷೇಪಣೆ ಇದ್ದರೆ ಹೇಳಿ’ ಅನ್ನುತ್ತಾರೆ. ಅದನ್ನು ಓದಲು ಬರುವವರು ಊರಿನಲ್ಲಿ ಎಷ್ಟು ಜನ? ನೀನು ಬಿ.ಎ. ಓದುತ್ತಿದ್ದೀ. ಒಬ್ಬಳಾದರೂ ಸಿಕ್ಕಳು.

ಪ್ರಶ್ನೆ: ಗಣಿ ದುಡ್ಡು ಜಿಲ್ಲೆಯಲ್ಲೇ ಇದೆ ಅಂತಾರೆ, ನಮ್ಮ ಹಳ್ಳಿಗೆ ಯಾಕೆ ಬರುವುದಿಲ್ಲ? (ಮುಧೋಳ ತಾಲ್ಲೂಕು)

ಉತ್ತರ: ಅದಕ್ಕೆ ಜಿಲ್ಲಾ ಖನಿಜ ಪ್ರತಿಷ್ಠಾನ ಅನ್ನುತ್ತಾರೆ, ಬಾಯಲ್ಲಿ ಡಿಎಂಎಫ್. 2015ರಲ್ಲಿ ಕಾನೂನಿಗೆ ಸೇರಿತು. ಪ್ರಧಾನ ಖನಿಜದ ಹಳೇ ಗುತ್ತಿಗೆಯವರು ರಾಜಧನದ ಶೇ 30ರಷ್ಟನ್ನು, ಹರಾಜಿನಲ್ಲಿ ಹೊಸದಾಗಿ ಪಡೆದವರು ಶೇ 10ರಷ್ಟನ್ನು ಇದಕ್ಕೆ ಕೊಡಬೇಕು. ಕುಡಿಯುವ ನೀರು, ಆರೋಗ್ಯ, ಪರಿಸರದಂಥ ಕೆಲಸಕ್ಕೆ ಮೊದಲು ಕನಿಷ್ಠ ಶೇ 60 ಇಡಬೇಕಿತ್ತು, 2024ರ ಹೊಸ ಮಾರ್ಗಸೂಚಿಯಲ್ಲಿ ಅದು ಶೇ 70 ಆಗಿದೆ. ನೀವು ನೋಡಬೇಕಾದದ್ದು ಒಂದೇ ಕಾಗದ, ಗಣಿಬಾಧಿತ ಹಳ್ಳಿಗಳ ಪಟ್ಟಿ. ನಿಮ್ಮ ಹಳ್ಳಿ ಅದರಲ್ಲಿ ಇಲ್ಲದಿದ್ದರೆ ರಸ್ತೆ, ಸಮುದಾಯ ಭವನ ಅಂತ ಎಷ್ಟು ಬೇಡಿಕೊಂಡರೂ ಗಾಳಿಗೆ ಗುದ್ದಿದ ಹಾಗೆ. ಪಟ್ಟಿಯ ಪ್ರತಿ ಕೇಳಿ. ಇದ್ದರೆ ಕಳೆದ ಮೂರು ವರ್ಷ ನಿಮ್ಮ ಹಳ್ಳಿಯ ಹೆಸರಿನಲ್ಲಿ ಏನು ಖರ್ಚಾಗಿದೆ ಅಂತ ಇನ್ನೊಂದು ಅರ್ಜಿ ಹಾಕಿ.

ಪ್ರಶ್ನೆ: ಹೊಂಡದ ವಿಡಿಯೊ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಬಿಟ್ಟಿದ್ದೇವೆ, ನಾಲ್ಕು ಸಾವಿರ ಜನ ನೋಡಿದ್ದಾರೆ. ಇನ್ನೂ ಏನು ಮಾಡಬೇಕು ಕಾಕಾ? (ಇಳಕಲ್)

ಉತ್ತರ: ನಾಲ್ಕು ಸಾವಿರದ ಒಂದನೆಯವರು ನೋಡಬೇಕು, ಬಂದ ಅರ್ಜಿಗಳನ್ನು ದಾಖಲು ಮಾಡುವ ಆವಕ ವಿಭಾಗದ ಗುಮಾಸ್ತರು. ವಿಡಿಯೊಕ್ಕೆ ಆವಕ ನಂಬರ್ ಬೀಳುವುದಿಲ್ಲ.

ಪ್ರಶ್ನೆ: ಕಾಕಾ, ಮೈಕ್ ಮುಂದೆ ನಿಂತರೆ ನನಗೆ ಬಾಯಿ ಒಣಗುತ್ತದೆ. ನಲವತ್ತು ವರ್ಷ ಪರಸಿ ಒಡೆದ ಕೈ, ಮಾತು ಬರುವುದಿಲ್ಲ. ಮೊಮ್ಮಗಳ ಕೈಯಿಂದ ಬರೆಸಿಕೊಂಡು ಹೋಗಿ ಓದಬಹುದಾ? (ತಾಳಿಕೋಟೆ ಹತ್ತಿರದ ಹಳ್ಳಿ)

ಉತ್ತರ: ಓದಬಹುದು ಅಣ್ಣಾರ. ಮೊಮ್ಮಗಳನ್ನೇ ಓದಲು ಹೇಳಿದರೂ ನಡೆಯುತ್ತದೆ. ಎರಡು ಪ್ರತಿ ಮಾಡಿಸಿ. ಒಂದನ್ನು ಕೊಡಿ, ಇನ್ನೊಂದರ ಮೇಲೆ ಸಹಿ, ಶಿಕ್ಕಾ, ತಾರೀಕು ಹಾಕಿಸಿಕೊಳ್ಳಿ. ಶಿಕ್ಕಾ ಬೀಳುವವರೆಗೆ ಮೇಜು ಬಿಟ್ಟು ಏಳಬೇಡಿ. ನಲವತ್ತು ವರ್ಷ ಕಲ್ಲು ಒಡೆದಿದ್ದೇನೆ ಅಂತ ಮೊದಲ ಸಾಲಿನಲ್ಲೇ ಬರೆಸಿ. ಆ ಕಲ್ಲು ಪದರ ಪದರವಾಗಿ ಎಲ್ಲಿ ಜಾರುತ್ತದೆ ಅಂತ ಆ ಪೆಂಡಾಲಿನಲ್ಲಿ ನಿಮ್ಮಷ್ಟು ಗೊತ್ತಿರುವವರು ಇರಲಿಕ್ಕಿಲ್ಲ. ಮತ್ತೆ, ಚಾಳೀಸು ಮನೆಯಲ್ಲಿ ಬಿಟ್ಟು ಹೋಗಬೇಡಿ. ನಾನು ಒಂದು ಸಲ ಬಿಟ್ಟು ಹೋಗಿದ್ದೆ.